ಓದಲು ಬಂದ ಮಗುವಿಗೂ ಕಥೆ ಓದಿ ಹೇಳಬೇಕೇ?

ಮನೆಯಲ್ಲೇ ಕಲಿಯುತ್ತಿರುವ ಮಗು ತಾನಾಗಿ ಓದಲು ಆರಂಭಿಸಿದ ಮೇಲೂ ಹಿರಿಯರು ಗಟ್ಟಿಯಾಗಿ ಓದಿ ಹೇಳುವುದನ್ನು ನಿಲ್ಲಿಸಬಾರದು. ಏಳೆಂಟು ವರ್ಷದ ಮಗು ಕೇಳಿ ಅರ್ಥಮಾಡಿಕೊಳ್ಳಬಲ್ಲ ಭಾಷೆಯು ಅದು ಓದಬಲ್ಲ ಭಾಷೆಗಿಂತ ಬಹಳ ಮುಂದಿರುತ್ತದೆ. ಕನ್ನಡದಲ್ಲಂತೂ ವರ್ಣಮಾಲೆ ಬಂದ ಮೇಲೂ ಕಾಗುಣಿತ, ಒತ್ತಕ್ಷರಗಳು ಬಾಕಿ ಇರುವುದರಿಂದ, ‘ರಾಷ್ಟ್ರ’ ಎಂಬಲ್ಲಿ ಷಕಾರಕ್ಕೆ ಸೇರಿದ ಎರಡು ಒತ್ತುಗಳನ್ನು ಬಿಡಿಸಿಕೊಳ್ಳುವಷ್ಟರಲ್ಲಿ ವಾಕ್ಯದ ಆರಂಭವೇ ಮರೆತುಹೋಗಿರುತ್ತದೆ. ಕೇಳುವಾಗ ಆ ಹೊರೆ ಇಲ್ಲದ ಕಾರಣ ಗಮನವೆಲ್ಲ ಹೊಸ ಪದಗಳ ಕಡೆಗೂ ಮುಂದೇನಾಯಿತೆಂಬ ಕುತೂಹಲದ ಕಡೆಗೂ ಹರಿಯುತ್ತದೆ. ಆಗೊಮ್ಮೆ ಈಗೊಮ್ಮೆ ಕಥೆಯನ್ನು ನಡುವೆಯೇ ನಿಲ್ಲಿಸಿ, ಮುಂದಿನದನ್ನು ಮಗುವೇ ಕಟ್ಟಿ ಹೇಳಲು ಬಿಡಿ; ಅದು ಹೇಳಿದ್ದನ್ನು ನಮ್ಮ ತಿದ್ದುಪಡಿ ಸೇರಿಸದೆ (ಕಷ್ಟವಿರುವುದು ಇಲ್ಲೇ) ಬರೆದುಕೊಟ್ಟರೆ, ತನ್ನದೇ ಮಾತಾದ್ದರಿಂದ ಮಗು ಅದನ್ನು ಹೆಚ್ಚು ತಡವರಿಸದೆ ಓದಿಕೊಳ್ಳುತ್ತದೆ.