ನಾನೊಬ್ಬಳೇ ಹೀಗೆಯೇ?

ಪ್ರಶ್ನೆ: ನನಗೆ 36 ವರ್ಷ, ತೀರ್ಥಹಳ್ಳಿ ಕಡೆಯ ತೋಟದ ಮನೆ, ಇಬ್ಬರು ಮಕ್ಕಳು. ಅಪರೂಪಕ್ಕೊಮ್ಮೆ ಮೊಬೈಲ್‌ನಲ್ಲಿ ನೀಲಿ ಚಿತ್ರ ನೋಡುತ್ತೇನೆ. ಕಳೆದ ತಿಂಗಳು ಯಜಮಾನರಿಗೆ ಗೊತ್ತಾಯಿತು. ‘ಗಂಡಸರು ನೋಡುವುದು ಬೇರೆ, ಹೆಂಗಸು ನೋಡಿದರೆ ಅದು ಕಾಯಿಲೆ’ ಎಂದರು. ಈಗ ಮಾತೇ ಕಡಿಮೆ. ನನಗೆ ಚಿಕಿತ್ಸೆ ಬೇಕೇ?

ಉತ್ತರ: ಸೋದರಿ, ಸಿಟ್ಟಿನಲ್ಲಿ ಬಂದ ‘ಕಾಯಿಲೆ’ ಎಂಬ ಮಾತನ್ನು ನೀವು ವೈದ್ಯರ ಚೀಟಿಯಂತೆ ನಂಬಿಬಿಟ್ಟಿದ್ದೀರಿ. ನನಗೆ ಸಂಕಟವಾದದ್ದು ಅದಕ್ಕೆ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಹತೋಟಿ ತಪ್ಪಿದ ಲೈಂಗಿಕ ವರ್ತನೆಗೂ ಜಾಗವಿದೆ. ಆದರೆ ಬಿಡಬೇಕೆಂದರೂ ಬಿಡಲಾಗದೆ, ಮನೆ, ಕೆಲಸ, ಆರೋಗ್ಯ ಹಾಳಾಗುತ್ತಿದ್ದರೂ ಅದೇ ಆರು ತಿಂಗಳಿಗೂ ಮೀರಿ ನಡೆಯುತ್ತಿದ್ದರೆ ಮಾತ್ರ ಆ ಹೆಸರು. ‘ಇದು ತಪ್ಪು’ ಎಂಬ ಅಳುಕೊಂದರಿಂದಲೇ ಹುಟ್ಟಿದ ನೋವನ್ನು ಕಾಯಿಲೆ ಎನ್ನಲಾಗದೆಂದು ಅಲ್ಲೇ ಬರೆದಿದೆ. ಅಪರೂಪಕ್ಕೊಮ್ಮೆ ಎನ್ನುತ್ತೀರಿ, ನಿಮಗೆ ಚಿಕಿತ್ಸೆಯ ಅಗತ್ಯ ನನಗೆ ಕಾಣುತ್ತಿಲ್ಲ.

ನೀವೊಬ್ಬರೇ ಎಂಬುದೂ ಸುಳ್ಳು. ಪೋರ್ನ್‌ಹಬ್ ಎಂಬ ದೊಡ್ಡ ತಾಣದ ವಾರ್ಷಿಕ ಲೆಕ್ಕದಂತೆ, ಜಗತ್ತಿನಾದ್ಯಂತ ಅದರ ವೀಕ್ಷಕರಲ್ಲಿ ಮಹಿಳೆಯರು 2018ರಲ್ಲಿ ಶೇ 29, 2024ರಲ್ಲಿ ಶೇ 38. ಇದು ಜಾಹೀರಾತು ಮಾರುವ ಕಂಪನಿಯ ಸ್ವಂತ ಅಂದಾಜು. ಲೆಕ್ಕ ಅತ್ತಿತ್ತ ಇರಬಹುದು. ಆದರೂ ಮೂವರಲ್ಲಿ ಒಬ್ಬರು ಎಂಬಷ್ಟು ಹೆಂಗಸರು ಅಲ್ಲಿದ್ದಾರೆ. ಅದೇ 2018ರಲ್ಲಿ ದೇಶವಾರು ವೀಕ್ಷಣೆಯಲ್ಲಿ ಭಾರತ ಮೂರನೆಯದು. 2016ರ ನಂತರ ಡೇಟಾ ಅಗ್ಗವಾಯಿತು. ಕೊರೊನಾ ಕಾಲದಲ್ಲಿ ನೆಟ್‌ವರ್ಕ್‌ಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದ ನಮ್ಮ ಮಲೆನಾಡಿನಲ್ಲೂ ಇಂದು ಎಷ್ಟೋ ಮನೆಗಳ ಜಗುಲಿಯಲ್ಲಿ ವೈಫೈ ಮಿಣುಕುತ್ತಿದೆ. ನೋಡುವ ಕುತೂಹಲಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಒಪ್ಪಿಕೊಳ್ಳುವ ಧೈರ್ಯವನ್ನು ಮಾತ್ರ ನಾವು ಗಂಡಸರಿಗಷ್ಟೇ ಕೊಟ್ಟಿದ್ದೇವೆ.

ನನ್ನ ತಕರಾರು ಬೇರೆಯದು. ಯಾರು ಹಾಕಿದರೆಂದು ಖಚಿತವಿಲ್ಲದ ಲಕ್ಷಾಂತರ ವಿಡಿಯೊಗಳನ್ನು ಆ ತಾಣವೇ 2020ರ ಡಿಸೆಂಬರ್‌ನಲ್ಲಿ ತೆಗೆದುಹಾಕಬೇಕಾಯಿತು. ಒಪ್ಪಿಗೆಯಿಲ್ಲದೆ ಚಿತ್ರೀಕರಣಗೊಂಡ ಹೆಣ್ಣುಮಕ್ಕಳ ದೂರುಗಳು ಅದರ ಹಿಂದಿದ್ದವು. ನೋಡುವಾಗ ಅವರ ನೆನಪಿರಲಿ. ಯಾರಿಗೂ ಕಳುಹಿಸಬೇಡಿ, ಅದು ಅಪರಾಧ.

ಇನ್ನು ಯಜಮಾನರು. ‘ಗಂಡಸರು ನೋಡುವುದು ಬೇರೆ’ ಎಂದಾಗಲೇ ತಾವೂ ನೋಡುತ್ತೇವೆಂದು ಅವರು ಬಹುಶಃ ಒಪ್ಪಿಕೊಂಡಿದ್ದಾರೆ. ಕೊಯ್ಲಿನ ಗಡಿಬಿಡಿ ಇಳಿದ ಒಂದು ಸಂಜೆ, ಮಕ್ಕಳು ಮಲಗಿದ ಮೇಲೆ, ಕ್ಷಮೆ ಕೇಳುವ ದನಿಯನ್ನು ಬಿಟ್ಟು ಮಾತು ತೆಗೆಯಿರಿ. ನಮ್ಮಿಬ್ಬರ ನಡುವೆ ಏನು ಕಡಿಮೆಯಾಗಿದೆ ಎಂದು ಕೇಳಿ, ನಿಮಗನ್ನಿಸಿದ್ದನ್ನೂ ಹೇಳಿ. ಮೊದಲ ದಿನ ಅವರು ಎದ್ದು ಹೋಗಬಹುದು. ವಾರ ಬಿಟ್ಟು ಮತ್ತೆ ಕೇಳಿ. ಮನಸ್ಸು ತೀರ ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.