ಕಡಲಿಲ್ಲದ ಬಂದರು ನಗರದಲ್ಲಿ ಸಂಜೆ ಎಲ್ಲಿಗೆ ಹೋಗುವುದು?

ಸಹೋದರಿಯವರಿಗೆ ನಮಸ್ಕಾರ.

ನಿಮ್ಮ ಯಜಮಾನರಿಗೆ ಹ್ಯಾಂಬರ್ಗಿನಲ್ಲಿ ಕೆಲಸ ಸಿಕ್ಕಿ, ನಾಲ್ಕು ವರ್ಷದ ಮಗನೊಂದಿಗೆ ಅಕ್ಟೋಬರಿನಲ್ಲಿ ಮಂಗಳೂರು ಬಿಟ್ಟು ಹೊರಡುತ್ತಿದ್ದೀರಿ ಎಂದು ತಿಳಿದು ಸಂತೋಷವಾಯಿತು. ವೀಸಾ, ವಿಮೆ, ಬಾಡಿಗೆ ಕರಾರುಗಳ ಬಗ್ಗೆ ಹೇಳುವವರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನೀವು ಕೊನೆಗೆ ಸ್ವಲ್ಪ ಸಂಕೋಚದಿಂದಲೇ ಸೇರಿಸಿದ ಪ್ರಶ್ನೆಗೆ ಮಾತ್ರ ನಾನಿಲ್ಲಿ ಉತ್ತರಿಸುತ್ತೇನೆ. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು, ಭಾನುವಾರ ಸಂಜೆ ಪಣಂಬೂರು ಇಲ್ಲವೇ ತಣ್ಣೀರುಬಾವಿ ಎಂಬ ಅಭ್ಯಾಸವನ್ನು ಅಲ್ಲಿಯೂ ಇಟ್ಟುಕೊಳ್ಳಬಹುದೇ, ಅದೂ ಬಂದರು ನಗರವೇ ಅಲ್ಲವೇ, ಚಳಿಗಾಲದಲ್ಲಿ ಮಗುವನ್ನು ಮನೆಯೊಳಗೇ ಕೂರಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಬಿಜೈಯಲ್ಲಿ ಹುಟ್ಟಿ ಬೆಳೆದು, ಬಹಳ ಕಾಲದಿಂದ ಹ್ಯಾಂಬರ್ಗಿನಲ್ಲಿ ಸಂಸಾರ ಹೂಡಿರುವ ನಾನು ಹೇಳುವುದಿಷ್ಟು: ಅಭ್ಯಾಸವನ್ನು ಖಂಡಿತ ಉಳಿಸಿಕೊಳ್ಳಬಹುದು, ಆದರೆ ಅದರ ಹೊತ್ತನ್ನು ಬದಲಾಯಿಸಿಕೊಳ್ಳಬೇಕು.

ಮಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆಯಷ್ಟೇ ಆದ್ದರಿಂದ, ನಾವು ಬಿಸಿಲು ಇಳಿದ ಮೇಲೆ ಹೊರಗೆ ಹೊರಡುವುದನ್ನೇ ರೂಢಿ ಮಾಡಿಕೊಂಡಿದ್ದೇವೆ. ಹ್ಯಾಂಬರ್ಗಿನಲ್ಲಿ ಡಿಸೆಂಬರ್ ಮಧ್ಯದಲ್ಲಿ ಬೆಳಿಗ್ಗೆ ಎಂಟೂವರೆಗೆ ಮೂಡಿದ ಸೂರ್ಯ ಸಂಜೆ ನಾಲ್ಕಕ್ಕೆಲ್ಲ ಮುಳುಗಿಬಿಡುತ್ತಾನೆ. ಜೂನಿನಲ್ಲಿ ರಾತ್ರಿ ಹತ್ತು ಗಂಟೆ ಹತ್ತಿರವಾದರೂ ಮುಳುಗಲು ಒಪ್ಪುವುದಿಲ್ಲ. ಹೊಸದಾಗಿ ಬಂದ ನಮ್ಮವರು ಅಕ್ಟೋಬರ್, ನವೆಂಬರಿನಲ್ಲಿ ರಜಾದಿನದ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಚಹಾ ಕುಡಿದು ಹೊರಡೋಣವೆಂದು ಕಿಟಕಿ ನೋಡುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೀಗೆ ನಾಲ್ಕಾರು ವಾರ ಕಳೆದರೆ ಇಡೀ ಊರೇ ಮಂಕಾಗಿದೆ ಎಂಬ ಭಾವನೆ ಬಲಿಯುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಹೊರಗೆ ಹೋಗಿಬನ್ನಿ, ಮಲಗುವುದಿದ್ದರೆ ಆಮೇಲೆ ಮಲಗಿ.

ಮಳೆಯ ಬಗ್ಗೆ ನೀವು ಹೆದರಬೇಕಾಗಿಲ್ಲ. ಇಲ್ಲಿ ವರ್ಷವಿಡೀ ಬೀಳುವ ಮಳೆ ಎಂಟುನೂರು ಮಿಲಿಮೀಟರಿನ ಆಸುಪಾಸು. ನಮ್ಮೂರಿನಲ್ಲಿ ಜೂನ್ ಮತ್ತು ಜುಲೈ ಎರಡೇ ತಿಂಗಳಲ್ಲಿ ಅದರ ಎರಡು ಪಟ್ಟಾದರೂ ಸುರಿಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿಯದು ಹನ್ನೆರಡು ತಿಂಗಳಿಗೂ ಹಂಚಿಹೋದ ಜಿಟಿಜಿಟಿ, ಜೊತೆಗೆ ಕೊಡೆಯನ್ನು ಮಡಚಿ ಬಿಸಾಡುವಂಥ ಗಾಳಿ. ಆದ್ದರಿಂದ ಇಲ್ಲಿಯವರು ಕೊಡೆಯನ್ನು ಅಷ್ಟಾಗಿ ನಂಬದೆ ಟೊಪ್ಪಿಯಿರುವ ಜಾಕೆಟ್ ತೊಟ್ಟು ನಡೆಯುತ್ತಾರೆ. ಮಳೆ ನಿಲ್ಲಲೆಂದು ಕಾಯುವವರು ಹೊರಗೆ ಹೋಗುವುದೇ ಇಲ್ಲ.

ಇನ್ನು ಕಡಲಿನ ಮಾತು. ಬಂದರು ಎಂದಕೂಡಲೇ ನಮ್ಮ ಕಣ್ಣಿಗೆ ಪಣಂಬೂರಿನ ಅಲೆ, ಬೆಂಗ್ರೆಯ ಅಳಿವೆ ಬಾಗಿಲು ಬರುತ್ತವೆ. ಹ್ಯಾಂಬರ್ಗ್ ಜರ್ಮನಿಯ ಅತಿ ದೊಡ್ಡ ಬಂದರಾದರೂ ಕಡಲಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗೆ, ಎಲ್ಬೆ ನದಿಯ ದಡದಲ್ಲಿದೆ. ಆದರೂ ಕಡಲಿನ ಭರತ ಇಳಿತ ಅಷ್ಟು ದೂರದವರೆಗೆ ಏರಿಬರುತ್ತದೆ. ದಿನಕ್ಕೆ ಎರಡು ಸಲ ನದಿಯ ಮಟ್ಟ ಮೂರೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ, ಇದು ನಮ್ಮ ಕರಾವಳಿಯಲ್ಲಿ ನಾವು ಕಾಣುವುದಕ್ಕಿಂತ ಬಹಳ ಹೆಚ್ಚು. ಲಾಂಡುಂಗ್ಸ್‌ಬ್ರ್ಯೂಕೆನ್ ಎಂಬ ದೋಣಿಕಟ್ಟೆ ನೀರಿನ ಮೇಲೆ ತೇಲುವಂತೆ ಕಟ್ಟಿದ್ದು; ಭರತದ ಹೊತ್ತಿನಲ್ಲಿ ಅದಕ್ಕೆ ಹೋಗುವ ಕಾಲುಸೇತುವೆ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ, ಇಳಿತದ ಹೊತ್ತಿನಲ್ಲಿ ಮಗುವಿನ ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿದು ಇಳಿಯಬೇಕಾದಷ್ಟು ಇಳಿಜಾರಾಗಿರುತ್ತದೆ.

ಆ ಕಟ್ಟೆಯಿಂದ ಹೊರಡುವ 62ನೇ ನಂಬರಿನ ದೋಣಿ ನನ್ನ ಲೆಕ್ಕದಲ್ಲಿ ಈ ಊರಿನ ಅತ್ಯುತ್ತಮ ವಿಹಾರ. ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳಿಗೆ ಪಕ್ಕದಲ್ಲೇ ಬೇರೆ ಟಿಕೆಟ್ ಇದೆ, ಅದನ್ನು ಕೊಳ್ಳಬೇಡಿ. 62 ಬಸ್ಸು ರೈಲುಗಳಂತೆ ನಗರ ಸಾರಿಗೆಗೆ ಸೇರಿದ್ದರಿಂದ ನಿಮ್ಮ ತಿಂಗಳ ಪಾಸೇ ಸಾಕು. ಆರು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದ ಮಗುವಿಗೆ ಇದು ಹೊಸತೇನಲ್ಲ, ಆದರೆ ಇದು ಅರ್ಧ ಗಂಟೆಯ ಪ್ರಯಾಣ, ಮೇಲಂತಸ್ತಿನಲ್ಲಿ ಕೂತರೆ ಎದುರು ದಡದ ಕ್ರೇನುಗಳು, ಒಣ ಹಡಗುಕಟ್ಟೆಗಳು ಎಲ್ಲವೂ ಕಾಣುತ್ತವೆ. ನೋಯ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿದರೆ ಓವೆಲ್‌ಗ್ಯೋನೆ ಎಂಬ ಮರಳ ದಡ ಸಿಗುತ್ತದೆ. ಮರಳು ಅಸಲಿ, ಎದುರಿಗೆ ಮಾತ್ರ ದಿಗಂತದ ಬದಲು ಕಂಟೇನರ್ ಅಂಗಳ. ದಡದಲ್ಲಿ 217 ಟನ್ ತೂಕದ ಒಂದು ಬಂಡೆ ಕೂತಿದೆ. ಹಿಮಯುಗದಲ್ಲಿ ಹಿಮನದಿಗಳು ಸ್ವೀಡನ್ನಿನ ಕಡೆಯಿಂದ ಹೊತ್ತು ತಂದಿದ್ದ ಅದು 1999ರಲ್ಲಿ ಹಡಗು ದಾರಿಯ ಹೂಳೆತ್ತುವಾಗ ಸಿಕ್ಕಿತು. ಮಕ್ಕಳೆಲ್ಲ ಅದರ ಮೇಲೆ ಹತ್ತಲು ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ನಾನೂರು ಮೀಟರ್ ಉದ್ದದ ಕಂಟೇನರ್ ಹಡಗುಗಳು ಈ ದಡಕ್ಕೆ ಬಹಳ ಹತ್ತಿರದಲ್ಲೇ ಹಾದುಹೋಗುತ್ತವೆ. ಹಡಗು ಸಮೀಪಿಸುವಾಗ ಅಲೆ ಬರುವುದಿಲ್ಲ. ಮೊದಲು ದಡದ ನೀರು ಸದ್ದಿಲ್ಲದೆ ಹಿಂದಕ್ಕೆ ಸರಿದು, ತುಸು ಹೊತ್ತಿನ ಹಿಂದೆ ಮುಳುಗಿದ್ದ ಮರಳು ತೋರುತ್ತದೆ, ಮಕ್ಕಳು ಚಿಪ್ಪು ಹೆಕ್ಕಲೆಂದು ಮುಂದಕ್ಕೆ ಓಡುತ್ತಾರೆ, ಹಡಗು ದಾಟಿದ ಮೇಲೆ ಸರಿದ ನೀರೆಲ್ಲ ಒಟ್ಟಿಗೆ ಮರಳಿ ಬರುತ್ತದೆ. ನೀರು ಹಿಂದಕ್ಕೆ ಹೋಗುವುದನ್ನು ಕಂಡಕೂಡಲೇ ಮಗುವನ್ನು ಮೇಲಕ್ಕೆ ಕರೆದುಕೊಳ್ಳಿ. ಎಲ್ಬೆಯಲ್ಲಿ ಈಜುವವರು ಕಾಣಿಸಿದರೂ ನೀವು ಇಳಿಯಬೇಡಿ, ಸೆಳೆತ ಬಲವಾಗಿದೆ. ಚುರುಮುರಿಯವನು ಇಲ್ಲಿ ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅದರ ಜಾಗದಲ್ಲಿ ಉಪ್ಪುಹುಳಿಯಲ್ಲಿ ನೆನೆಸಿದ ತಣ್ಣನೆಯ ಮೀನನ್ನು ಹಸಿ ಈರುಳ್ಳಿಯೊಂದಿಗೆ ಬನ್ನಿನೊಳಗಿಟ್ಟು ಕೊಡುತ್ತಾರೆ. ಬಂಗುಡೆ ಪುಳಿಮುಂಚಿ ಉಂಡ ನಾಲಿಗೆ ಅದಕ್ಕೆ ಒಗ್ಗಲು ಕಾಲ ಬೇಕು, ನನ್ನದು ಇನ್ನೂ ಪೂರ್ತಿ ಒಗ್ಗಿಲ್ಲ.

ಕದ್ರಿ ಪಾರ್ಕಿನ ಜಾಗವನ್ನು ತುಂಬಬಲ್ಲದ್ದು ಪ್ಲಾಂಟೆನ್ ಉನ್ ಬ್ಲೋಮೆನ್ ಉದ್ಯಾನ. ಹಳೆಯ ಕೋಟೆಗೋಡೆಯ ಜಾಗದಲ್ಲಿ, ದಾಮ್‌ಟೋರ್ ರೈಲು ನಿಲ್ದಾಣದ ಪಕ್ಕದಿಂದಲೇ ಶುರುವಾಗುವ ಇದು 47 ಹೆಕ್ಟೇರಿದ್ದು, ಪ್ರವೇಶಕ್ಕೆ ಶುಲ್ಕವಿಲ್ಲ. ಜಪಾನೀ ತೋಟ, ಗುಲಾಬಿ ತೋಟ, ಮಕ್ಕಳು ನೀರಿನಲ್ಲಿ ಆಡುವ ಅಂಗಳ ಎಲ್ಲ ಇದ್ದು, ಬೇಸಿಗೆಯ ರಾತ್ರಿಗಳಲ್ಲಿ ಕೊಳದ ಕಾರಂಜಿಗಳನ್ನು ಸಂಗೀತಕ್ಕೆ ಹೊಂದಿಸಿ ಬಣ್ಣದ ಬೆಳಕಿನಲ್ಲಿ ಕುಣಿಸುತ್ತಾರೆ. ಅದು ಹತ್ತು ಗಂಟೆಗೆ ಶುರುವಾಗುವುದರಿಂದ ಮಗು ನಿದ್ದೆಗೆಟ್ಟರೆ ದೂರಬೇಡಿ. ಷ್ಟಾಡ್ಟ್‌ಪಾರ್ಕ್ ಇದಕ್ಕಿಂತ ಮೂರು ಪಟ್ಟು ದೊಡ್ಡದು, 1914ರಲ್ಲಿ ತೆರೆದದ್ದು; ಅದರ ನೀರಿನ ಗೋಪುರದೊಳಗೆ ತಾರಾಲಯವಿದೆ. ನಾಲ್ಕು ಮನೆಯವರು ಸೇರಿ ಕೆಂಡದ ಮೇಲೆ ಕೋಳಿ ಸುಡಬೇಕೆಂದರೆ ಆ ಪಾರ್ಕಿನಲ್ಲಿ ಅದಕ್ಕೆಂದೇ ಗುರುತು ಮಾಡಿದ ಜಾಗಗಳಿವೆ. ಬೇರೆ ಕಡೆ ಬೆಂಕಿ ಹಚ್ಚಿದರೆ ದಂಡ ಬೀಳುತ್ತದೆ, ಮತ್ತು ಬೂದಿಯನ್ನು ಹುಲ್ಲಿನ ಮೇಲೆ ಸುರಿದು ಬರುವವರನ್ನು ಕಂಡರೆ ಇಲ್ಲಿಯವರು ಮುಖ ನೋಡಿ ಹೇಳಿಯೇ ಹೇಳುತ್ತಾರೆ.

ಊರ ನಡುವಿನ ಆಲ್ಸ್ಟರ್ ನೋಡಲು ಕೆರೆಯಂತಿದ್ದರೂ, ಮಧ್ಯಯುಗದಲ್ಲಿ ಗಿರಣಿಗಾಗಿ ಅಣೆಕಟ್ಟು ಹಾಕಿ ನಿಲ್ಲಿಸಿದ ನದಿ. ಹೊರ ಆಲ್ಸ್ಟರಿನ ಸುತ್ತ ನಡೆದರೆ ಏಳು ಕಿಲೋಮೀಟರ್ ದಾಟುತ್ತದೆ. ಬೆಳಗಿನ ನಡಿಗೆಯವರು, ಸೈಕಲ್ಲಿನವರು, ನಾಯಿಯವರು ಎಲ್ಲರೂ ಅಲ್ಲಿ ಸಿಗುತ್ತಾರೆ. ನಿಮ್ಮ ಮಗನಿಗೆ ತಪ್ಪದೆ ತೋರಿಸಬೇಕಾದದ್ದು ಅಲ್ಲಿಯ ಹಂಸಗಳನ್ನು. ಅವುಗಳನ್ನು ನೋಡಿಕೊಳ್ಳಲು ನಗರಾಡಳಿತವೇ ಒಬ್ಬ ನೌಕರನನ್ನು ಇಟ್ಟಿದ್ದು, ಈ ಹುದ್ದೆ 1674ರಿಂದ ನಡೆದುಬಂದಿದೆ. ಚಳಿ ಶುರುವಾಗುತ್ತಿದ್ದಂತೆ ಹಂಸಗಳನ್ನೆಲ್ಲ ಒಂದೆಡೆ ಕೂಡಿಸಿ, ದೋಣಿಗಳಲ್ಲಿ ಕೂರಿಸಿಕೊಂಡು, ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಎಪ್ಪೆಂಡೋರ್ಫಿನ ಕೊಳಕ್ಕೆ ಒಯ್ಯುತ್ತಾರೆ, ವಸಂತಕ್ಕೆ ಮರಳಿ ತರುತ್ತಾರೆ. ನೀವು ಬರುವುದು ಸರಿಯಾಗಿ ಅದಕ್ಕೆ ಮುಂಚೆ. ಆಲ್ಸ್ಟರ್ ಇಡಿಯಾಗಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನೆರೆಯುವುದು ಅಪರೂಪ, ಕಳೆದ ಸಲ ಅದು ನಡೆದದ್ದು 2012ರಲ್ಲಿ. ಆಡಳಿತ ಅನುಮತಿ ಕೊಡುವವರೆಗೆ ಯಾವ ಹಿಮದ ಮೇಲೂ ಕಾಲಿಡಬೇಡಿ.

ನಮ್ಮವರು ತಪ್ಪಿಸಿಕೊಳ್ಳುವ ಒಂದು ಜಾಗವಿದೆ, ಅದು ಓಲ್ಸ್‌ಡೋರ್ಫ್ ಸ್ಮಶಾನ. ಅತ್ತೆಯವರ ಎದುರು ಈ ಮಾತು ಎತ್ತಬೇಡಿ. 1877ರಲ್ಲಿ ತೆರೆದ, ಸುಮಾರು 390 ಹೆಕ್ಟೇರಿನ ಈ ಸ್ಮಶಾನ ಎಷ್ಟು ವಿಸ್ತಾರವೆಂದರೆ ಒಳಗೇ ನಗರ ಸಾರಿಗೆಯ ಬಸ್ಸು ಓಡುತ್ತದೆ, ಅದಕ್ಕೆ ಒಳಗೆ ನಿಲ್ದಾಣಗಳೂ ಇವೆ. ಮೇ ಕೊನೆಯಿಂದ ಜೂನ್ ಮೊದಲವರೆಗೆ ಆಳೆತ್ತರದ ರೋಡೊಡೆಂಡ್ರಾನ್ ಪೊದೆಗಳು ದಾರಿಯ ಎರಡೂ ಬದಿ ಹೂಬಿಡುತ್ತವೆ. ಚೆಂಡಾಟ, ಬುತ್ತಿ ಬಿಚ್ಚುವುದು ಅಲ್ಲಿ ಸಲ್ಲದು. ಮೆಲ್ಲಗೆ ನಡೆಯುವವರಿಗೆ ಯಾರ ಆಕ್ಷೇಪವೂ ಇಲ್ಲ.

ಮನೆಯನ್ನು ಎಲ್ಲಿ ಹುಡುಕಬೇಕೆಂದು ನೀವು ಕೇಳಿದ್ದೂ ಇದಕ್ಕೇ ಸೇರುತ್ತದೆ. ಆಲ್ಸ್ಟರಿನ ದಡ, ಬ್ಲಾಂಕೆನೇಸೆಯ ಮೆಟ್ಟಿಲುಗಳ ಗುಡ್ಡ ನೋಡಲು ಚೆಂದ, ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ನಾನಾದರೆ ಎಲ್ಬೆಯ ನಡುವಿನ ದ್ವೀಪವಾದ ವಿಲ್ಹೆಲ್ಮ್ಸ್‌ಬುರ್ಗನ್ನು ನೋಡಿ ಎನ್ನುತ್ತೇನೆ. ಮುಖ್ಯ ರೈಲು ನಿಲ್ದಾಣದಿಂದ ಎಸ್-ಬಾನ್ ರೈಲಿನಲ್ಲಿ ಹತ್ತು ನಿಮಿಷ. 2013ರ ಅಂತಾರಾಷ್ಟ್ರೀಯ ತೋಟಗಾರಿಕಾ ಪ್ರದರ್ಶನಕ್ಕಾಗಿ ಮಾಡಿದ ದೊಡ್ಡ ಪಾರ್ಕ್ ನಿಲ್ದಾಣದ ಎದುರಿಗೇ ಇದೆ. ದ್ವೀಪದ ಸುತ್ತ ಎತ್ತರದ ಮಣ್ಣಿನ ಒಡ್ಡುಗಳಿವೆ, ಹುಲ್ಲು ಬೆಳೆದು ಕುರಿಗಳು ಮೇಯುವ ಆ ಒಡ್ಡುಗಳ ಬದಿಯಲ್ಲಿ ಗಂಟೆಗಟ್ಟಲೆ ನಡೆಯಬಹುದು. 1962ರ ಫೆಬ್ರವರಿಯಲ್ಲಿ ಬಿರುಗಾಳಿಗೆ ಉಕ್ಕಿದ ನೀರು ಹಳೆಯ ಒಡ್ಡುಗಳನ್ನು ಒಡೆದು ಹ್ಯಾಂಬರ್ಗಿನಲ್ಲಿ 315 ಮಂದಿ ತೀರಿಕೊಂಡರು, ಅವರಲ್ಲಿ ಬಹುಪಾಲು ಈ ದ್ವೀಪದವರು. ಈಗಿನ ಒಡ್ಡುಗಳು ಆಮೇಲೆ ಎತ್ತರಿಸಿ ಕಟ್ಟಿದವು. ಮಳೆಗಾಲದಲ್ಲಿ ನೇತ್ರಾವತಿಯನ್ನು ಕಂಡವರಿಗೆ ಒಡ್ಡಿನ ಬೆಲೆ ಹೇಳಿಕೊಡಬೇಕಾಗಿಲ್ಲ.

ಊರೊಳಗೆ ಅಲ್ಲಲ್ಲಿ ಬೇಲಿ ಹಾಕಿದ ಚಿಕ್ಕ ಚಿಕ್ಕ ತೋಟಗಳ ಸಾಲು ಕಾಣುತ್ತೀರಿ. ಅವು ಸಂಘದಿಂದ ಗೇಣಿಗೆ ಪಡೆದ ತುಂಡು ಭೂಮಿ. ಕಾನೂನಿನ ಪ್ರಕಾರ ಮೂರನೇ ಒಂದು ಭಾಗದಲ್ಲಾದರೂ ಹಣ್ಣು ತರಕಾರಿ ಬೆಳೆಯಬೇಕು. ಸರದಿ ಉದ್ದವಿರುವುದರಿಂದ ಬಂದ ವರ್ಷವೇ ಹೆಸರು ಬರೆಸಿಡಿ. ಬೇಸಿಗೆಯಲ್ಲಿ ಹರಿವೆ ಚೆನ್ನಾಗಿ ಬರುತ್ತದೆ, ಬಸಳೆಗೆ ಮಾತ್ರ ಗಾಜಿನ ಮನೆಯ ಉಪಚಾರ ಬೇಕು.

ಏಪ್ರಿಲ್ ಕೊನೆಗೆ 62ರ ದೋಣಿಯಲ್ಲೇ ಸೈಕಲ್ ಹಾಕಿಕೊಂಡು ಕೊನೆಯ ನಿಲ್ದಾಣ ಫಿಂಕೆನ್‌ವೆರ್ಡರಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತುಳಿದರೆ ಆಲ್ಟೆಸ್ ಲಾಂಡ್ ಎಂಬ ಹಣ್ಣಿನ ತೋಟಗಳ ಸೀಮೆ ಸಿಗುತ್ತದೆ. ಮೊದಲು ಚೆರ್ರಿ, ಆಮೇಲೆ ಸೇಬು ಹೂಬಿಡುತ್ತವೆ. ಸೆಪ್ಟೆಂಬರಿನಲ್ಲಿ ತೋಟದ ಮನೆಯ ಎದುರು ಸೇಬಿನ ಚೀಲಗಳನ್ನೂ ಒಂದು ಹಣದ ಡಬ್ಬಿಯನ್ನೂ ಇಟ್ಟು, ಮನೆಯವರು ತಮ್ಮ ಕೆಲಸಕ್ಕೆ ಹೋಗಿರುತ್ತಾರೆ. ನಿಜವಾದ ಕಡಲೇ ಬೇಕೆನಿಸಿದ ದಿನ ರೈಲಿನಲ್ಲಿ ಕುಕ್ಸ್‌ಹಾಫೆನ್ನಿಗೆ ಹೋಗಿ. ಅಲ್ಲಿ ಇಳಿತದ ಹೊತ್ತಿಗೆ ಕಡಲು ಕಣ್ಣಿಗೆ ಕಾಣದಷ್ಟು ದೂರ ಸರಿದು ಕೆಸರಿನ ಬಯಲಾಗುತ್ತದೆ; ಆ ಬಯಲಿನಲ್ಲಿ ಸುಮಾರು ಹತ್ತು ಕಿಲೋಮೀಟರ್ ನಡೆದರೆ, ಅಥವಾ ಕುದುರೆಗಾಡಿ ಹತ್ತಿದರೆ, ನೋಯ್‌ವೆರ್ಕ್ ದ್ವೀಪ ಸಿಗುತ್ತದೆ. ಅಷ್ಟು ದೂರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಹ್ಯಾಂಬರ್ಗ್ ನಗರದ್ದೇ ಭಾಗ. ನಮ್ಮ ಕಾಪು ದೀಪಸ್ತಂಭ 1901ರದು, ಅಲ್ಲಿಯ ಗೋಪುರ 1310ರಲ್ಲಿ ಪೂರ್ತಿಯಾದದ್ದು. ಭರತದ ವೇಳಾಪಟ್ಟಿ ನೋಡದೆ, ದಾರಿ ಬಲ್ಲವರಿಲ್ಲದೆ ಕೆಸರಿಗೆ ಇಳಿಯುವುದು ಪ್ರಾಣಕ್ಕೆ ಅಪಾಯ. ನಾಲ್ಕು ವರ್ಷದ ಮಗುವಿಗೆ ದಡದ ಆಟವೇ ಸಾಕು.

ಬೇಸಿಗೆಯಲ್ಲಿ ಎತ್ತರದ ಹುಲ್ಲಿನಲ್ಲಿ, ಪೊದೆಗಳಲ್ಲಿ ಆಡಿ ಬಂದ ಮೇಲೆ ಮಗುವಿನ ಮೊಣಕಾಲಿನ ಹಿಂಬದಿ, ಕಂಕುಳು, ಕೂದಲಂಚನ್ನು ನೋಡಿ. ಇಲ್ಲಿಯ ಉಣ್ಣಿ ಎಳ್ಳಿನಷ್ಟೇ ಇದ್ದು, ಕಚ್ಚಿದ್ದು ಗೊತ್ತಾಗುವುದಿಲ್ಲ. ಮಂಗನ ಕಾಯಿಲೆಯ ಸುದ್ದಿ ಕೇಳಿ ಬೆಳೆದ ನಮಗೆ ಉಣ್ಣಿಯ ಭಯ ಹೊಸತಲ್ಲ. ಇಲ್ಲಿ ಅದು ಹರಡುವುದು ಬೊರೆಲಿಯೋಸಿಸ್ ಎಂಬ ಬೇರೆ ರೋಗವನ್ನು. ಬೇಗ ಕಿತ್ತರೆ ಅಪಾಯ ಕಡಿಮೆ, ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಮೂಡಿದರೆ ವೈದ್ಯರಲ್ಲಿಗೆ ಹೋಗಬೇಕು.

ಚಳಿಗಾಲದಲ್ಲಿ ಮಗುವನ್ನು ಒಳಗೇ ಇಡಬೇಕೇ ಎಂಬುದಕ್ಕೆ ಉತ್ತರವನ್ನು ಶಿಶುವಿಹಾರದವರೇ ಕೊಡುತ್ತಾರೆ. ಮಳೆಯಿರಲಿ, ಮಂಜಿರಲಿ, ಅವರು ಮಕ್ಕಳನ್ನು ದಿನವೂ ಹೊರಗೆ ಬಿಡುತ್ತಾರೆ, ಅದಕ್ಕಾಗಿ ನೀರು ಹಿಡಿಯದ ಪ್ಯಾಂಟು ಮತ್ತು ರಬ್ಬರ್ ಬೂಟುಗಳನ್ನು ಮೊದಲ ದಿನವೇ ಕೇಳುತ್ತಾರೆ. ಇವನ್ನು ಮಂಗಳೂರಿನಲ್ಲಿ ಕೊಂಡು ಹೊರೆ ಮಾಡಿಕೊಳ್ಳಬೇಡಿ. ನಮ್ಮ ರೈನ್‌ಕೋಟು ಮಳೆಯನ್ನು ತಡೆಯುತ್ತದೆಯೇ ಹೊರತು ಚಳಿಯನ್ನಲ್ಲ. ಇಲ್ಲಿ ಮಕ್ಕಳ ಬಳಸಿದ ಬಟ್ಟೆಗಳ ಸಂತೆ ಬಡಾವಣೆ ಬಡಾವಣೆಗಳಲ್ಲಿ ನಡೆಯುತ್ತದೆ, ಹೊಸದರಂತಿರುವುದೇ ಕಾಲುಭಾಗದ ಬೆಲೆಗೆ ಸಿಗುತ್ತದೆ, ಮತ್ತು ನಾಲ್ಕು ವರ್ಷದವನಿಗೆ ಕೊಂಡದ್ದು ಮುಂದಿನ ಚಳಿಗೆ ಹೇಗೂ ಚಿಕ್ಕದಾಗುತ್ತದೆ.