ಗಂಭೀರ ಕಾದಂಬರಿಯೊಂದನ್ನು ಆಧರಿಸಿದ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಹಾಸ್ಯಚಿತ್ರವಾದದ್ದು ಏಕೆ?

ಪೀಟರ್ ಜಾರ್ಜ್ ಅವರ 1958ರ ಕಾದಂಬರಿಯಲ್ಲಿ ನಗುವಿಗೆ ಎಡೆಯಿರಲಿಲ್ಲ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೂಡ ಮೊದಲು ಗಂಭೀರ ಚಿತ್ರವನ್ನೇ ಯೋಚಿಸಿದ್ದರು. ಆದರೆ ಚಿತ್ರಕಥೆ ಬರೆಯುತ್ತ ಹೋದಂತೆ, ಅಸಂಬದ್ಧವೆಂದು ಕೈಬಿಡಬೇಕೆನಿಸಿದ ಸಂಗತಿಗಳೇ ವಾಸ್ತವಕ್ಕೆ ಹೆಚ್ಚು ಹತ್ತಿರವಾಗಿವೆ ಎಂಬುದು ಅವರಿಗೆ ಮನದಟ್ಟಾಯಿತು. 1964ರಲ್ಲಿ ತೆರೆಕಂಡ ಈ ಚಿತ್ರದಲ್ಲಿ, ಹುಚ್ಚು ಹಿಡಿದ ಅಮೆರಿಕದ ಸೇನಾಧಿಕಾರಿಯೊಬ್ಬ ಸೋವಿಯತ್ ಒಕ್ಕೂಟದ ಮೇಲೆ ಅಣುಬಾಂಬು ಹಾಕಲು ವಿಮಾನಗಳನ್ನು ಕಳುಹಿಸುತ್ತಾನೆ. ಅವುಗಳನ್ನು ಹಿಂದಕ್ಕೆ ಕರೆಸುವ ಗುಪ್ತ ಸಂಕೇತ ಗೊತ್ತಾದರೂ, ಅಮೆರಿಕದ ಅಧ್ಯಕ್ಷರಿಗೆ ಫೋನ್ ಮಾಡಲು ಚಿಲ್ಲರೆಯಿಲ್ಲದೆ ಅದೇ ಸೇನಾನೆಲೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಯೊಬ್ಬ ಪರದಾಡುತ್ತಾನೆ. ಪಕ್ಕದ ಕೋಕಾ-ಕೋಲಾ ಯಂತ್ರಕ್ಕೆ ಗುಂಡು ಹಾರಿಸಿ ನಾಣ್ಯ ತೆಗೆಯಲು ಹೇಳಿದರೆ, ಅದು ಕಂಪನಿಯ ಸ್ವತ್ತೆಂದು ಜೊತೆಗಿದ್ದ ಅಮೆರಿಕದ ಕರ್ನಲ್ ಹಿಂಜರಿಯುತ್ತಾನೆ. ನಟ ಪೀಟರ್ ಸೆಲರ್ಸ್ ಅವರು ಚಿತ್ರದಲ್ಲಿ ನಿರ್ವಹಿಸಿದ ಮೂರು ಪಾತ್ರಗಳಲ್ಲಿ ಆ ಬ್ರಿಟಿಷ್ ಅಧಿಕಾರಿಯದೂ ಒಂದು. ನನ್ನ ಮಟ್ಟಿಗೆ ಇಡೀ ಚಿತ್ರದ ತಿರುಳು ಕರ್ನಲ್‌ನ ಆ ಹಿಂಜರಿಕೆಯಲ್ಲಿದೆ.